ಥಂಡಿ ಖೋಲಿಯ ಮಿಸ್ತ್ರಿ

ಮಿಸ್ತ್ರಿಯವರ ಎಡಗಿವಿಯ ಹಾಲೆ ಬಲಗಿವಿಗಿಂತ ಕೆಂಪಗಿತ್ತು. ಹೂವು ತಂಪಾಗಿಡುವ ಥಂಡಿ ಖೋಲಿಯಿಂದ ಹೊರತೆಗೆದ ಗುಲಾಬಿ ಮೊಗ್ಗನ್ನು ಅವರು ಮೊದಲು ಆ ಹಾಲೆಗೆ ತಾಗಿಸಿ, ತಲೆ ಓರೆ ಮಾಡಿ, ಹೂವು ಏನೋ ಗುಟ್ಟು ಹೇಳುತ್ತಿದೆ ಎಂಬಂತೆ ನಿಂತುಬಿಡುತ್ತಿದ್ದರು. ಆಮೇಲೆ "ನಾಕು" ಎನ್ನುತ್ತಿದ್ದರು. ಇಲ್ಲವೇ "ಆರಾಗೇತಿ, ಯಾರೋ ಬಾಗಲಾ ತಗದು ಮಾತಾಡಕೋತ ನಿಂತಿದ್ರಿ" ಎನ್ನುತ್ತಿದ್ದರು. ಗೋಡೆಯ ಮೇಲಿನ, ತಂಪು ಅಳೆಯುವ ಕಾಟಾ ನೋಡಿದರೆ ಅದರ ಮುಳ್ಳು ಅಲ್ಲೇ ಇರುತ್ತಿತ್ತು. ಐವತ್ತು ವರ್ಷ ನಟ್ಟು ಬಿಗಿಯುವ ಪಾನಾ ಹಿಡಿದ ಬೆರಳಿನ ಚರ್ಮಕ್ಕೆ ಏನೂ ತಿಳಿಯುವುದಿಲ್ಲ, ಕಿವಿಯ ಹಾಲೆಗೆ ಮಾತ್ರ ಇನ್ನೂ ಬುದ್ಧಿ ಇದೆ ಎಂದು ಅವರು ಹೇಳುತ್ತಿದ್ದರು.

ಬೈಲಹೊಂಗಲದವರು. ತಂಪು ಮಾಡುವ ಯಂತ್ರ ಯಾವುದೇ ಇರಲಿ, ಸವದತ್ತಿಯ ಐಸ್ ಕಾರ್ಖಾನೆ, ಮನೋಳಿಯ ಹಾಲಿನ ಡೇರಿ, ರಾಮದುರ್ಗದ ಐಸ್ಕ್ರೀಮ್ ಅಂಗಡಿ, ಕಿತ್ತೂರಿನ ಹೋಟೆಲು, ಎಲ್ಲ ಕಡೆಯಿಂದ ಅವರಿಗೇ ಫೋನು ಹೋಗುತ್ತಿತ್ತು. ಹಳೆಯ ಮೋಟರ್ ಸೈಕಲ್ಲಿಗೆ ಎರಡೂ ಬದಿ ಚೀಲ ಕಟ್ಟಿಕೊಂಡು ನಾಲ್ಕೂ ತಾಲೂಕು ತಿರುಗುತ್ತಿದ್ದರು. ನಾವು ಹೆಂಗಸರು ಅವರನ್ನು ಎದುರಿಗೆ ಚಾಚಾ ಎನ್ನುತ್ತಿದ್ದೆವು, ಹಿಂದೆ ಮಿಸ್ತ್ರಿ ಎನ್ನುತ್ತಿದ್ದೆವು. ಈಗ ಹಿಂದೆ ಮುಂದೆ ಎರಡೂ ಒಂದೇ ಆಗಿರುವುದರಿಂದ ಮಿಸ್ತ್ರಿ ಎಂದೇ ಬರೆಯುತ್ತೇನೆ.

ನಾನು ಬಾಯಿ ಜೋರಿನ ಹೆಣ್ಣೆಂದು ನಮ್ಮೂರು ನೇಸರಗಿಯಲ್ಲಿ ಹೆಸರು. ಬಸ್ಸಿನ ಕಂಡಕ್ಟರನಿಂದ ಹಿಡಿದು ಬೀಜದ ಅಂಗಡಿಯವನವರೆಗೆ ಯಾರನ್ನೂ ಬಿಟ್ಟವಳಲ್ಲ. ಅಂಥ ನಾನು ಆಡಲೇಬೇಕಾದ ಒಂದು ಮಾತನ್ನು ಆಡದೆ ನುಂಗಿಕೊಂಡೆ. ಅದರಿಂದ ಆ ಮನುಷ್ಯನ ಹೆಸರು ಕೆಟ್ಟಿತು. ಅವರ ಚಿತ್ರ ಬರೆಯಲು ಕೂತವಳು ಇದನ್ನು ಕೊನೆಯವರೆಗೆ ಬಚ್ಚಿಡುವುದು ಸರಿಯಲ್ಲ ಎಂದು ಮೊದಲಿಗೇ ಹೇಳಿಬಿಟ್ಟಿದ್ದೇನೆ.

ನಮ್ಮದು ಹನ್ನೊಂದು ಹೆಂಗಸರ ಸಂಘ. ಹೊಲದ ಒಂದೊಂದು ಮೂಲೆಯಲ್ಲಿ ಪಾಲಿಹೌಸ್ ಕಟ್ಟಿ ಉದ್ದ ದಂಟಿನ ಗುಲಾಬಿ ಬೆಳೆಯಲು ಹೊರಟಿದ್ದೆವು. ಬೈಲಹೊಂಗಲದ ರಸ್ತೆಗೆ ಹತ್ತಿಕೊಂಡು ಸರಕಾರದ ಸಹಾಯದಿಂದ ಒಂದು ಸಣ್ಣ ಥಂಡಿ ಖೋಲಿಯೂ ಆಯಿತು. ಹನ್ನೆರಡು ಹೆಜ್ಜೆ ಉದ್ದ, ಎಂಟು ಹೆಜ್ಜೆ ಅಗಲ, ದಪ್ಪ ಬಾಗಿಲು. ಯಂತ್ರ ಕೂರಿಸಿದ ಕಂಪನಿಯವರು ಕೀಲಿಕೈ ಕೊಟ್ಟು ಹೋದರು. ಹೂವನ್ನು ಒಳಗಿಟ್ಟರೆ ಸಾಕು, ತಾನೇ ತಾಜಾ ಉಳಿಯುತ್ತದೆ ಎಂದು ನಾವೆಲ್ಲ ನಂಬಿದ್ದೆವು. ಯಂತ್ರದ ನಿಗಾ ನೋಡಲು ಮಿಸ್ತ್ರಿಯವರನ್ನು ಕರೆದೆವು. ಅವರು ಬಂದು ಯಂತ್ರ ಬಿಟ್ಟು ಮೊದಲು ನಮ್ಮ ಬಕೀಟುಗಳನ್ನು ನೋಡಿದರು. ಒಂದರ ತಳದಲ್ಲಿ ಪಾಚಿ ಕಟ್ಟಿತ್ತು.

"ಅಕ್ಕಾರ, ಈ ಬಕೀಟಿನ್ಯಾಗಿನ ನೀರು ನೀವು ಕುಡೀತೀರೇನು?" ಎಂದು ಕೇಳಿದರು. ನಾವು ನಕ್ಕೆವು. ಅವರು ನಗಲಿಲ್ಲ. "ನೀವು ಕುಡೀಲಾರದ್ದು ಹೂವಿಗ್ಯಾಕ ಕುಡಸ್ತೀರಿ?"

ಅಂದಿನಿಂದ ಯಂತ್ರದ ಮಿಸ್ತ್ರಿ ಹೂವಿನ ಮೇಷ್ಟ್ರೂ ಆದರು. ಹರೆಯದಲ್ಲಿ ಪುಣೆಯ ಕಡೆ ಹೂವಿನ ಗೋದಾಮೊಂದರಲ್ಲಿ ಕೆಲಸ ಮಾಡಿದ್ದರಂತೆ. ಅಲ್ಲಿ ಕಲಿತದ್ದನ್ನೆಲ್ಲ ನಮಗೆ ಒಂದೊಂದಾಗಿ ಕೊಟ್ಟರು. ಬಿಸಿಲು ಏರುವ ಮೊದಲು ಕೊಯ್ಯಬೇಕು. ಕೊಯ್ದ ದಂಟು ಕೈಯಲ್ಲಿ ಹಿಡಿದು ಹರಟೆ ಹೊಡೆಯುತ್ತ ಬರಬಾರದು, ಅಲ್ಲೇ ನೀರಿಗೆ ಬಿಡಬೇಕು. ತುದಿಯನ್ನು ನೀರಿನೊಳಗೇ ಓರೆಯಾಗಿ ಮತ್ತೊಮ್ಮೆ ಕತ್ತರಿಸಬೇಕು, ಇಲ್ಲವಾದರೆ ದಂಟಿನೊಳಗೆ ಗಾಳಿ ಹೊಕ್ಕು ನೀರಿನ ದಾರಿ ಕಟ್ಟುತ್ತದೆ. ಬಕೀಟಿನ ನೀರಿಗೆ ಒಂದಿಷ್ಟು ಸಕ್ಕರೆ, ನಾಲ್ಕು ಹನಿ ಲಿಂಬೆರಸ. ಹೊಲದ ಕಾವು ಇಳಿದ ಮೇಲೆಯೇ ಒಳಗೆ. ಪಕಳೆಗೆ ನೀರು ಸೋಕಬಾರದು. ಹೊರಗೆ ತೆಗೆದಾಗಲೂ ಒಮ್ಮೆಲೇ ಬಿಸಿಲಿಗೆ ಒಯ್ಯಬಾರದು, ಬೆವರು ಒಡೆದು ಕಲೆ ಬೀಳುತ್ತದೆ.

ಇದೆಲ್ಲ ಯಾಕೆ ಎಂದು ನಾನು ಕೇಳಿದ್ದೆ. ಕೇಳದೆ ಬಿಡುವ ಸ್ವಭಾವ ನನ್ನದಲ್ಲ. ಕೊಯ್ದ ಮೇಲೆ ಹೂವು ಸತ್ತಂತೆಯೇ ಅಲ್ಲವೇ, ಸತ್ತದ್ದಕ್ಕೆ ಇಷ್ಟು ಉಪಚಾರ ಯಾಕೆ ಎಂದೆ. ಮಿಸ್ತ್ರಿಯವರು ಕೈಯಲ್ಲಿದ್ದ ಪಾನಾ ಕೆಳಗಿಟ್ಟರು.

"ಸತ್ತಿಲ್ಲ ಯವ್ವಾ, ಉಸರಾಡಾಕ ಹತ್ತೇತಿ. ಬೇರು ಇಲ್ಲ, ತಿನ್ನಾಕ ಕೊಡವ್ರಿಲ್ಲ, ಗಂಟಿನ್ಯಾಗಿಂದ ಖರ್ಚು ಮಾಡಕೋತ ಕುಂತೇತಿ. ಥಂಡ್ಯಾಗ ಇಟ್ರ ಸಾವಕಾಶ ಖರ್ಚು ಮಾಡತೇತಿ, ಅಷ್ಟ."

ಅವರ ನಿಯಮಗಳಲ್ಲೆಲ್ಲ ಕಟ್ಟುನಿಟ್ಟಾದದ್ದು ಒಂದೇ. ಥಂಡಿ ಖೋಲಿಯೊಳಗೆ ಹಣ್ಣು ಬರಕೂಡದು. ಹಣ್ಣಾಗುವ ಕಾಯಿ ಒಂದು ಗಾಳಿ ಬಿಡುತ್ತದೆ, ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು. ಆ ಗಾಳಿ ತಾಗಿದರೆ ಹೂವು ತನ್ನ ಕಾಲವೂ ಮುಗಿಯಿತೆಂದು ತಿಳಿದು ಪಕಳೆ ಉದುರಿಸುತ್ತದೆ ಎನ್ನುತ್ತಿದ್ದರು. ನಮ್ಮ ಬುತ್ತಿಯ ಚೀಲಗಳನ್ನು ಬಾಗಿಲಲ್ಲೇ ಮುಟ್ಟಿ ನೋಡುತ್ತಿದ್ದರು. ಒಮ್ಮೆ ನಮ್ಮಲ್ಲೊಬ್ಬಳು, ಆರು ತಿಂಗಳ ಬಸುರಿ, ಸೆರಗಿನಲ್ಲಿ ಪೇರಲ ಹಣ್ಣು ಕಟ್ಟಿಕೊಂಡು ಒಳಗೆ ಹೋಗಿಬಿಟ್ಟಳು. ಮಿಸ್ತ್ರಿಯವರು ಅವಳನ್ನು ಹೊರಗೆ ಕರೆದು ಬೇವಿನ ಗಿಡದ ನೆರಳಲ್ಲಿ ಕೂರಿಸಿ, ಹಣ್ಣು ಪೂರ್ತಿ ತಿಂದು ಮುಗಿಸುವವರೆಗೂ ಎದುರಿಗೆ ನಿಂತಿದ್ದರು. ಆಮೇಲೆ ಕೈ ತೊಳೆಸಿ ಒಳಗೆ ಬಿಟ್ಟರು. ನಾವು ಅವಳನ್ನು ಹೆರಿಗೆಯಾಗುವವರೆಗೂ ಅದೇ ಮಾತೆತ್ತಿ ಕಾಡಿದೆವು.

ಖೋಲಿಯ ಹೊರಗಿನ ಕಿಟಕಿಯ ಕಟ್ಟೆಯ ಮೇಲೆ ಔಷಧದ ಖಾಲಿ ಬಾಟಲಿಗಳನ್ನು ಸಾಲಾಗಿ ಇಟ್ಟಿದ್ದರು. ನಾವು ಕಳಿಸುವ ಪ್ರತಿ ಕಂತಿನಿಂದ ಒಂದು ಹೂವು ತೆಗೆದು ಬಾಟಲಿಯ ನೀರಿಗೆ ಇಟ್ಟು ಅದು ಎಷ್ಟು ದಿನ ನಿಲ್ಲುತ್ತದೆ ಎಂದು ನೋಡುತ್ತಿದ್ದರು. ಕಳಿಸಿದ ಮೇಲೆ ಹೂವು ಕೊಂಡವರದು, ನಮಗೇಕೆ ಅದರ ಚಿಂತೆ ಎಂದು ನಾನು ಅಂದದ್ದುಂಟು.

"ಹಂಗನಬ್ಯಾಡ" ಎಂದರು. "ಹೂ ಅವರ ಮನ್ಯಾಗ ಐದ ದಿವಸ ನಿಂತ್ರ ನಿಮ್ಮ ಹೆಸರು ಐದ ದಿವಸ ನಿಂತಂಗ."

ಹೆಸರಿನ ವಿಷಯದಲ್ಲಿ ಅವರಿಗೆ ಸಣ್ಣ ಹೆಮ್ಮೆಯೂ ಇತ್ತು. ಅದನ್ನು ಮುಚ್ಚಿಡುತ್ತಿರಲಿಲ್ಲ. ತಾನು ಕೈಯಿಟ್ಟ ಯಂತ್ರದ ಕಾಟಾ ಓದುವುದರಲ್ಲಿ ಒಮ್ಮೆಯೂ ತಪ್ಪಿಲ್ಲ, ಡೇರಿಯ ಹಾಲು ತನ್ನ ಕೈಯಲ್ಲಿ ಒಂದು ಲೋಟವೂ ಒಡೆದಿಲ್ಲ ಎಂದು ಚಹಾ ಕುಡಿಯುವಾಗ ಹೇಳಿಕೊಳ್ಳುತ್ತಿದ್ದರು. ಹೇಳಿದ ಮೇಲೆ ಎಡಗೈಯಿಂದ ಹತ್ತಿರದ ಮರ ಮುಟ್ಟುತ್ತಿದ್ದರು.

ಈಗ ನನ್ನ ಹೊಲದ ಮಾತು ಹೇಳಬೇಕು. ಮಾವನವರು ಒಪ್ಪಿ ಕೊಟ್ಟದ್ದಲ್ಲ ಅದು. ಕಬ್ಬಿನ ನೆಲದ ಮೂಲೆ ತೆಗೆದು ಸೊಸೆ ಹೂವು ಬೆಳೆಯುತ್ತೇನೆ ಅಂದಾಗ ನಾಲ್ಕು ದಿನ ನನ್ನೊಂದಿಗೆ ಮಾತಾಡಲಿಲ್ಲ. ಐದನೆಯ ದಿನ ಊಟಕ್ಕೆ ಕೂತಾಗ ತಾಟಿನ ಕಡೆ ನೋಡುತ್ತಲೇ, ಒಂದು ವರ್ಷ ನೋಡೋಣ, ಕೈಗೂಡದಿದ್ದರೆ ಆ ಪ್ಲಾಸ್ಟಿಕ್ ಕಿತ್ತು ಮತ್ತೆ ಕಬ್ಬು ಹಚ್ಚುವುದೇ ಎಂದರು. ಅವರ ಮಾತು ಒಂದೇ, ಎರಡಾಗುವುದಿಲ್ಲ. ಆ ಗಡುವು ಮುಗಿಯುತ್ತ ಬಂದಿದ್ದ ದಸರೆಯ ಹೊತ್ತಿಗೆ ಬೆಳಗಾವಿಯ ಹೂವಿನ ವ್ಯಾಪಾರಿಯೊಬ್ಬ ನಮ್ಮ ಹೂವು ನೋಡಿ ಹೋದ. ದಸರೆಯ ಮರುದಿನ ಒಂದು ದೊಡ್ಡ ಕಂತು ಕಳಿಸಿರಿ, ಹೂವು ನಿಂತರೆ ವರ್ಷವಿಡೀ ನಿಮ್ಮದೇ ತೆಗೆದುಕೊಳ್ಳುತ್ತೇನೆ ಎಂದ. ಸಂಘದ ಅಧ್ಯಕ್ಷೆ ನಾನು. ಒಂದು ವಾರ ಕೊಯ್ದು ಕೊಯ್ದು ಖೋಲಿ ತುಂಬಿದೆವು. ನನ್ನ ಹೊಲ ಉಳಿಯುವುದೂ ಬಿಡುವುದೂ ಆ ಬಕೀಟುಗಳೊಳಗೇ ಇತ್ತು.

ನಮ್ಮ ಕಡೆ ಮಹಾನವಮಿಯ ದಿನ ಖಂಡೆ ಪೂಜೆ. ಕುಡಗೋಲು, ನೇಗಿಲು, ಟ್ರ್ಯಾಕ್ಟರ್, ಹೊಲಿಗೆ ಮಶೀನು, ದುಡಿಯುವುದಕ್ಕೆಲ್ಲ ವಿಭೂತಿ ಕುಂಕುಮ ಹಚ್ಚಿ ಪೂಜೆ ಮಾಡಿ, ಮರುದಿನ ಬನ್ನಿ ಮುಡಿಯುವವರೆಗೂ ಅಲುಗಾಡಿಸದೆ ಇಡುತ್ತೇವೆ. ಥಂಡಿ ಖೋಲಿಗೂ ಪೂಜೆ ಆಗಬೇಕೆಂದು ಸಂಘದ ಹಿರಿಯಾಕೆ, ಎಲ್ಲರೂ ಆಯಿ ಎಂದು ಕರೆಯುವ ಎಪ್ಪತ್ತರ ಮುದುಕಿ, ಮೊದಲೇ ಹೇಳಿದ್ದಳು. ಹಿಂದಿನ ವರ್ಷ ಮಿಸ್ತ್ರಿಯವರೂ ಇದ್ದರು. ತಮ್ಮ ಪಾನಾ, ಇಕ್ಕಳಗಳನ್ನು ಚೀಲದಿಂದ ತೆಗೆದು ಯಂತ್ರದ ಬಳಿ ಇಟ್ಟು, ಚಪ್ಪಲಿ ಬಿಟ್ಟು ದೂರ ನಿಂತಿದ್ದರು. ಎಲ್ಲರಿಗಿಂತ ಮೊದಲು ಕೊಬ್ಬರಿ ಚೂರು ಅವರಿಗೇ ಹೋಗಿತ್ತು. ಈ ವರ್ಷ ಬೆಳಿಗ್ಗೆಯೇ ರಾಮದುರ್ಗದಿಂದ ಫೋನು ಬಂದು ಅತ್ತ ಹೋಗಿದ್ದರು.

ಪೂಜೆ ಮುಗಿಯಿತು. ಹನ್ನೊಂದು ಮನೆಯಿಂದಲೂ ಹಣ್ಣು ಬಂದಿತ್ತು. ಆಯಿಯ ಮನೆಯಿಂದ ಒಂದು ಇಡೀ ಬಾಳೆಗೊನೆಯೇ ಬಂದಿತ್ತು, ಕಾಯಿ ಹಳದಿಗೆ ತಿರುಗಿ ಚುಕ್ಕೆ ಬಿದ್ದಿದ್ದವು. ಹೊರಗಿಟ್ಟರೆ ಇರುವೆ ಮುತ್ತುತ್ತವೆ, ಯಂತ್ರದ ತಾಯಿ ಒಳಗೇ ಇರುವಳಲ್ಲ, ಎಡೆಯೂ ಒಳಗೇ ಇರಲಿ, ನಾಳೆ ಬನ್ನಿ ಮುಡಿದ ಮೇಲೆ ತೆಗೆಯೋಣ ಎಂದಳು ಆಯಿ. ನನಗೆ ಮಿಸ್ತ್ರಿಯವರ ನಿಯಮ ನೆನಪಿರಲಿಲ್ಲವೇ? ಇತ್ತು. ಬಾಯಿ ತುದಿಯವರೆಗೂ ಬಂತು. ಆದರೆ ದೇವರಿಗೆ ಇಟ್ಟದ್ದನ್ನು ಬರಿಯ ಹಣ್ಣು ಎನ್ನಲು ನನ್ನ ಮನಸ್ಸು ಒಪ್ಪಲಿಲ್ಲ. ಎಡೆಯ ಹಣ್ಣು ಎಂದಾದರೂ ಕೆಡುಕು ಮಾಡೀತೇ ಎನ್ನಿಸಿತು. ಕಲಿತದ್ದೆಲ್ಲ ಒಂದು ಕಡೆ, ಹುಟ್ಟಿನಿಂದ ಬಂದದ್ದು ಒಂದು ಕಡೆ. ಗೊನೆಯನ್ನೂ ತಟ್ಟೆಯನ್ನೂ ನಾನೇ ಎತ್ತಿಕೊಂಡು ಹೋಗಿ ಗುಲಾಬಿಗಳ ನಡುವೆ ಇಟ್ಟೆ. ಊದಿನಕಡ್ಡಿಯನ್ನೂ ಅಲ್ಲೇ ಹಚ್ಚಿದೆ. ಹೊಗೆ ಹೊರಗೆ ಹೋಗದಂತೆ ದಪ್ಪ ಬಾಗಿಲು ಹಾಕಿದೆ.

ಅಂದು ಸಂಜೆ ನಾನು ತವರಿಗೆ, ಕಟಕೋಳಕ್ಕೆ ಹೋಗಿದ್ದೆ. ಫೋನು ಮನೆಯಲ್ಲೇ ಮರೆತಿದ್ದೆ. ದಸರೆಯ ಮಧ್ಯಾಹ್ನ ತಿರುಗಿ ಬಂದು ನೋಡಿದರೆ ಮಿಸ್ತ್ರಿಯವರ ಕರೆ ಐದು ಸಲ ಬಂದಿತ್ತು. ಹಬ್ಬದ ಶುಭಾಶಯ ಹೇಳಲು ಮಾಡಿರಬೇಕು ಎಂದುಕೊಂಡೆ. ಹೆಂಗಸರೆಲ್ಲ ಸಂಜೆ ಬನ್ನಿ ಕೊಟ್ಟುಕೊಂಡು ಖೋಲಿಗೆ ಹೋದೆವು, ತಟ್ಟೆ ತೆಗೆದೆವು, ಬಾಳೆಹಣ್ಣು ಹಂಚಿಕೊಂಡು ತಿಂದೆವು. ಒಳಗಿನ ಗುಲಾಬಿ ನೋಡಲು ಚೆನ್ನಾಗಿಯೇ ಇದ್ದವು.

ಮರುದಿನ ಬೆಳಿಗ್ಗೆ ಗಾಡಿ ಬಂತು. ಬಕೀಟುಗಳನ್ನು ಹೊರಗಿನ ನೆರಳಿಗೆ ತಂದಿಟ್ಟು, ಕಾವಿಗೆ ಹೊಂದಲಿ ಎಂದು ಒಂದು ತಾಸು ಬಿಟ್ಟೆವು. ಅಷ್ಟರೊಳಗೆ ಎಲೆಗಳು ಮುಟ್ಟಿದರೆ ಬೀಳತೊಡಗಿದವು. ಕಟ್ಟು ಕಟ್ಟಲು ದಂಟು ಎತ್ತಿದರೆ ಪಕಳೆ ಕೈಯಲ್ಲೇ ಉಳಿಯಿತು. ಅರಳಬೇಕಾದ ಮೊಗ್ಗು ಅರಳದೆ ಕುತ್ತಿಗೆ ಬಗ್ಗಿಸಿದವು. ವ್ಯಾಪಾರಿಯ ಮನುಷ್ಯ ಎರಡು ಬಕೀಟು ನೋಡಿದ, ಮೂರನೆಯದನ್ನು ನೋಡಲಿಲ್ಲ, ಖಾಲಿ ಗಾಡಿ ತಿರುಗಿಸಿಕೊಂಡು ಹೋದ. ಸುದ್ದಿ ತಿಳಿದು ಮಾವನವರೂ ಬಂದು ನಿಂತರು. ಏನಾಯಿತು, ಯಾರ ತಪ್ಪು ಎಂದು ಅವರು ಕೇಳಿದ್ದು ನನ್ನನ್ನು.

ಐದು ಕರೆ ಯಾಕೆ ಬಂದಿದ್ದವೆಂದು ಆಗ ಹೊಳೆದಿತ್ತು. ನಾನು ಬಾಯಿ ತೆರೆಯುವ ಮೊದಲೇ ಮಿಸ್ತ್ರಿಯವರು ಯಂತ್ರದ ಹಿಂದಿನಿಂದ ಕೈ ಒರೆಸಿಕೊಳ್ಳುತ್ತ ಮುಂದೆ ಬಂದರು.

"ತಪ್ಪು ನಂದರೀ ಗೌಡ್ರ. ಕಾಟಾ ಎರಡರ ಮ್ಯಾಲ ಐತಿ ಅಂತ ಓದೇನಿ, ಅದು ಹನ್ನೆರಡಿತ್ತು. ಇವತ್ತ ಮುಂಜಾನೆ ನೋಡಿ ಸರಿ ಮಾಡೇನಿ. ವಯಸ್ಸಾತು, ಕಣ್ಣು ತಪ್ಪತಾವು."

ಎಲ್ಲರೂ ಅದನ್ನೇ ನಂಬಿದರು, ಎಡೆಯ ಹಣ್ಣಿನ ಕಡೆ ಯಾರ ಮನಸ್ಸೂ ಹೋಗಲಿಲ್ಲ. ಆಯಿಯಂತೂ, ಕಣ್ಣು ಮಂಜಾದವನ ಕೈಗೆ ಮಶೀನು ಕೊಟ್ಟು ನಾವೇ ಕೆಟ್ಟೆವು ಎಂದು ಗೊಣಗಿದಳು. ಮಾವನವರು ಉದುರಿದ ಪಕಳೆಗಳನ್ನೊಮ್ಮೆ ನೋಡಿ, ಮಶೀನಿನ ತಪ್ಪಿಗೆ ಹೊಲ ಏನು ಮಾಡೀತು, ಇನ್ನೊಂದು ವರ್ಷ ನೋಡೋಣ ಎಂದು ಹೊರಟರು. ನನ್ನ ಹೊಲ ಉಳಿಯಿತು.

ಎಲ್ಲರೂ ಹೋದ ಮೇಲೆ ನಾನು ಮಿಸ್ತ್ರಿಯವರ ಬಳಿ ಹೋದೆ. ಅವರು ಬಕೀಟು ತಿಕ್ಕುತ್ತ ಕೂತಿದ್ದರು. ಬಾಳೆಗೊನೆ ಇಟ್ಟವಳು ನಾನು ಎಂದೆ. ಗೊತ್ತಿದೆ ಎಂದರು. ಖಂಡೆ ಪೂಜೆಯ ಸಂಜೆ ರಾಮದುರ್ಗದಿಂದ ಬರುತ್ತಲೇ ಬಾಗಿಲು ತೆರೆದು ನೋಡಿದ್ದರಂತೆ. ಅವರ ಬಳಿ ಇದ್ದದ್ದು ನನ್ನ ನಂಬರೊಂದೇ, ನನಗೇ ಫೋನು ಮಾಡಿದ್ದರಂತೆ. ಮರುದಿನ ಬೆಳಿಗ್ಗೆಯೂ ಬಂದು, ತಟ್ಟೆ ಅಲ್ಲೇ ಇದ್ದದ್ದು ನೋಡಿ, ಮತ್ತೆ ಫೋನು ಮಾಡಿ, ಒಂದಷ್ಟು ಹೊತ್ತು ಬಾಗಿಲನ್ನಾದರೂ ತೆರೆದಿಟ್ಟು ಗಾಳಿ ಆಡಿಸಿದ್ದರಂತೆ. ಹಾಗಾದರೆ ಎತ್ತಿ ಹೊರಗೆ ಯಾಕೆ ಇಡಲಿಲ್ಲ ಚಾಚಾ, ಒಂದು ತಟ್ಟೆ, ಒಂದು ಗೊನೆ ಅಲ್ಲವೇ ಎಂದು ನಾನು ಜಗಳಕ್ಕೆ ಬಿದ್ದವಳಂತೆ ಕೇಳಿದೆ.

"ದೇವರ ತಟ್ಟಿ ಅದು. ಹನ್ನೊಂದ ಮಂದಿ ಕೂಡಿ ಇಟ್ಟಿದ್ರಿ. ಎರಡ ಸರ್ತಿ ಬಗ್ಗಿದ್ನಿ ಯವ್ವಾ, ಕೈ ಏಳಲಿಲ್ಲ" ಎಂದರು. ಬಕೀಟಿಗೆ ನೀರು ಸುರಿದು ಚೆಲ್ಲಿದರು. "ನಾ ತಗದಿದ್ರ ಹೂ ಉಳೀತಿದ್ವು. ನಾಳೆ ಯಾರರ ಒಬ್ರು, ಮಿಸ್ತ್ರಿ ನಮ್ಮ ಎಡಿ ಎತ್ತಿ ಹೊರಗ ಒಗದ ಅಂದಿದ್ರ?"

ಯಾರೂ ಹಾಗೆ ಅನ್ನುತ್ತಿರಲಿಲ್ಲ ಎಂದೆ. ಎಂದವಳಿಗೇ ಪೂರ್ತಿ ನಂಬಿಕೆ ಇರಲಿಲ್ಲ. ಅವರು ಅದನ್ನು ಕಂಡುಕೊಂಡು ಇನ್ನೊಂದು ಬಕೀಟು ಹತ್ತಿರ ಎಳೆದುಕೊಂಡರು. ನಾನು ಈಗಲೇ ಹೋಗಿ ಮಾವನವರಿಗೆ ಸತ್ಯ ಹೇಳುತ್ತೇನೆಂದು ಎದ್ದೆ. ಅವರು ತಡೆದರು.

"ನಿನ್ನ ಹೊಲ ಹ್ವಾದ್ರ ಹೊಳ್ಳಿ ಬರಂಗಿಲ್ಲ. ನನಗ ನಾಕ ದಿವಸ ಬೈತಾರ, ಆಮ್ಯಾಲ ಮರೀತಾರ. ಸುಮ್ನಿರು."

ನಾನು ಸುಮ್ಮನಾದೆ. ಇಷ್ಟೇ ಆಗಿದ್ದರೆ ಈ ಕತೆಯನ್ನು ಅವರ ದೊಡ್ಡತನದ ಕತೆಯೆಂದು ಹೇಳಿ ಮುಗಿಸಬಹುದಿತ್ತು.

ನಾಲ್ಕು ದಿನಕ್ಕೆ ಮುಗಿಯಲಿಲ್ಲ. ಹಳ್ಳಿಯ ಮಾತಿಗೆ ಕಾಲು ಬಂದರೆ ಬಸ್ಸಿಗಿಂತ ಮುಂದೆ ಓಡುತ್ತದೆ. ಮಿಸ್ತ್ರಿಯ ಕಣ್ಣು ಹೋಗಿವೆಯಂತೆ, ಎರಡಕ್ಕೂ ಹನ್ನೆರಡಕ್ಕೂ ಫರಕು ತಿಳಿಯುವುದಿಲ್ಲವಂತೆ ಎಂಬುದು ಸವದತ್ತಿ ಮುಟ್ಟಿತು, ಮನೋಳಿ ಮುಟ್ಟಿತು. ಡೇರಿಯವರು ಹಾಲಿನ ಮಾತು, ಧೈರ್ಯ ಸಾಲುವುದಿಲ್ಲ ಎಂದು ಬೆಳಗಾವಿಯಿಂದ ಬೇರೆಯವನನ್ನು ಗೊತ್ತು ಮಾಡಿಕೊಂಡರು. ಐಸ್ ಕಾರ್ಖಾನೆಯಿಂದ ಫೋನು ನಿಂತಿತು. ವರ್ಷ ತುಂಬುವುದರೊಳಗೆ ಅವರಿಗೆ ಉಳಿದದ್ದು ಬೈಲಹೊಂಗಲದ ಮನೆಗಳ ಫ್ರಿಜ್ಜುಗಳು ಮತ್ತು ನಾವು. ಮೋಟರ್ ಸೈಕಲ್ಲು ಬಿಟ್ಟು ಬಸ್ಸಿನಲ್ಲಿ ಬರತೊಡಗಿದರು. ಯಾಕೆಂದು ನಾನು ಕೇಳಲಿಲ್ಲ. ಎಲ್ಲವನ್ನೂ ಕೇಳುವ ನನಗೆ ಅದೊಂದನ್ನು ಕೇಳಲು ಬಾಯಿ ಬರಲಿಲ್ಲ.

ನಮ್ಮ ಸಂಘದಲ್ಲೂ ಒಂದು ತೀರ್ಮಾನವಾಯಿತು. ಮಿಸ್ತ್ರಿ ಕಾಟಾ ಓದಿದ ಮೇಲೆ ಇನ್ನೊಬ್ಬರು ಓದಿ ಖಾತ್ರಿ ಮಾಡಬೇಕು. ಓದಿದವಳು ಅಧ್ಯಕ್ಷೆ, ಅಂದರೆ ನಾನು. ಬೆಳಿಗ್ಗೆ ಅವರು ಕಾಟಾದ ಮುಂದೆ ನಿಂತು "ಮೂರು" ಎನ್ನುವರು. ಆಮೇಲೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನನಗೆ ಜಾಗ ಬಿಡುವರು. ನಾನು ಬಗ್ಗಿ ನೋಡಿ "ಹೌದು, ಮೂರು" ಎನ್ನಬೇಕು, ಎಲ್ಲರಿಗೂ ಕೇಳುವಂತೆ. ನಾಲ್ಕು ವರ್ಷ ಹೀಗೆ ನಡೆಯಿತು. ಒಂದು ದಿನವೂ ಅವರ ಓದು ತಪ್ಪಲಿಲ್ಲ. ಒಂದು ದಿನವೂ ನನ್ನ ಮುಖ ನೋಡಿ ಅವರು ಏನನ್ನೂ ನೆನಪಿಸಲಿಲ್ಲ. ಒಮ್ಮೆ ನಾನೇ ತಡೆಯಲಾರದೆ, ಚಾಚಾ ಈ ನಾಟಕ ಸಾಕು, ಇಂದು ಹೇಳಿಬಿಡುತ್ತೇನೆ ಎಂದೆ. ಹಬ್ಬ ಬಂದಿದೆ, ಹೂವಿನ ಕೆಲಸ ಮುಗಿಯಲಿ, ಆಮೇಲೆ ನೋಡೋಣ ಎಂದರು. ಹಬ್ಬ ಮುಗಿಯಿತು. ನಾನು ಮತ್ತೆ ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ಮೊದಲ ವರ್ಷ ಹೊಲ ಹೋದೀತೆಂಬ ಹೆದರಿಕೆ ಇತ್ತು, ಒಪ್ಪುತ್ತೇನೆ. ಎರಡನೆಯ ವರ್ಷದ ಹೊತ್ತಿಗೆ ಹೊಲ ಗಟ್ಟಿಯಾಗಿತ್ತು. ಅದೇ ವ್ಯಾಪಾರಿ ತಿರುಗಿ ಬಂದಿದ್ದ, ಮಾವನವರೇ ಪಾಲಿಹೌಸಿಗೆ ಬಂದವರಿಗೆ ಚಹಾ ಕೊಡಿಸುತ್ತಿದ್ದರು. ಆಗ ಹೇಳದಿರಲು ಕಾರಣ ಹೆದರಿಕೆಯಲ್ಲ, ನಾಚಿಕೆ. ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದು ಕೇಳಿದರೆ ಏನು ಹೇಳುವುದು? ತಡವಾದಷ್ಟೂ ಮಾತು ಭಾರವಾಗುತ್ತದೆ, ಭಾರವಾದಷ್ಟೂ ತಡವಾಗುತ್ತದೆ. ನನ್ನ ಹೂವು ಬೆಳಗಾವಿಯ ಮನೆಗಳಲ್ಲಿ ಐದು ದಿನ, ಆರು ದಿನ ನಿಲ್ಲುತ್ತಿದ್ದವು. ಅವನ್ನು ನಿಲ್ಲಿಸಲು ಕಲಿಸಿದವರನ್ನು ಊರು ಅರೆಕುರುಡನೆಂದು ಕನಿಕರದಿಂದ ಕೈ ಹಿಡಿದು ರಸ್ತೆ ದಾಟಿಸುತ್ತಿತ್ತು. ಅವರು ಹಿಡಿಸಿಕೊಂಡು ದಾಟುತ್ತಿದ್ದರು.

ಕಳೆದ ಚಳಿಗಾಲದಲ್ಲಿ ಒಂದು ದಿನ ಅವರು ಬರಲಿಲ್ಲ. ಹತ್ತು ಗಂಟೆಗೆ ಫೋನು ಬಂತು. ಬೆಳಿಗ್ಗೆ ಚಹಾ ಕುಡಿದು ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ನಾವು ಹನ್ನೊಂದು ಹೆಂಗಸರೂ ಹೋದೆವು. ಗಂಡಸರು ಒಯ್ದರು, ನಾವು ಒಳಗೆ ಅವರ ಹೆಂಡತಿ ಚಾಚಿಯ ಬಳಿ ಕೂತೆವು. ಯಾರೋ ಪಾಪ, ಒಳ್ಳೆಯ ಮನುಷ್ಯ, ಕಡೆಗಾಲಕ್ಕೆ ಕಣ್ಣು ಕೈಕೊಟ್ಟವು ಎಂದರು. ನಾನು ಗೋಡೆಗೆ ಆತುಕೊಂಡು ಕೂತಿದ್ದೆ. ಅಂದೂ ಬಾಯಿ ಬಿಡಲಿಲ್ಲ.

ನಲವತ್ತನೆಯ ದಿನದ ಫಾತಿಹಾ ಮುಗಿದ ಮೇಲೆ ಒಬ್ಬಳೇ ಬೈಲಹೊಂಗಲಕ್ಕೆ ಹೋದೆ. ಚಾಚಿ ಪಡಸಾಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದರು. ನಾನೂ ಕೂತು ನಾಲ್ಕು ಎಸಳು ಸುಲಿದೆ. ಆಮೇಲೆ ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿದೆ. ಗೊನೆ, ತಟ್ಟೆ, ಐದು ಕರೆ, ಹನ್ನೆರಡು ಎಂದ ಸುಳ್ಳು, ಯಾವುದನ್ನೂ ಬಿಡಲಿಲ್ಲ. ಚಾಚಿಗೆ ಗೊತ್ತಿದ್ದೇ ಇರುತ್ತದೆ, ಗಂಡ ಹೆಂಡತಿಗೆ ಹೇಳದಿರುತ್ತಾನೆಯೇ ಎಂದು ನಾನು ದಾರಿಯುದ್ದಕ್ಕೂ ಅಂದುಕೊಂಡು ಹೋಗಿದ್ದೆ. ನನ್ನನ್ನು ಬೈಯುತ್ತಾರೆ, ಬೈಸಿಕೊಂಡು ಹಗುರಾಗಿ ಬರುತ್ತೇನೆ ಎಂದು ಲೆಕ್ಕ ಹಾಕಿದ್ದೆ.

ಚಾಚಿಯ ಕೈ ನಿಂತಿತು.

"ಹಂಗಾರ ಅವರ ಕಣ್ಣು ಚಲೋ ಇದ್ವು?" ಎಂದು ಕೇಳಿದರು.

ಇದ್ದವು ಚಾಚಿ ಎಂದೆ.

"ಹುಬ್ಬಳ್ಳಿಗೆ ಮೂರ ಸರ್ತಿ ಕರಕೊಂಡ ಹೋಗಿದ್ನಿ, ಕಣ್ಣಿನ ಡಾಕ್ಟರ್ ಕಡೆ. ಏನೂ ಆಗಿಲ್ಲ ಅಂತ ಡಾಕ್ಟರ್ ಅಂದ್ರೂ ನಾ ನಂಬಲಿಲ್ಲ. ಗಾಡಿ ಕೀಲಿಕೈ ಕಸಗೊಂಡು ಟ್ರಂಕಿನ್ಯಾಗ ಇಟ್ನಿ, ಎಲ್ಯರ ಹಾಯ್ಕೊಂಡು ಬೀಳತೀರಿ ಅಂತ." ಕೈಯಲ್ಲಿದ್ದ ಎಸಳನ್ನು ಕೆಳಗಿಟ್ಟರು. "ಒಂದ ಸರ್ತಿನೂ ಬ್ಯಾಡ ಅನ್ನಲಿಲ್ಲ ಬೇಟಿ. ನಾ ಹೇಳಿದಲ್ಲೆಲ್ಲಾ ಬಂದ್ರು. ನನ್ನ ಮುಂದನೂ ಹೇಳಲಿಲ್ಲ."

ನಾನು ಅವರ ಕೈ ಹಿಡಿದು ಅತ್ತೆ. ತಪ್ಪಾಯಿತು, ಕ್ಷಮಿಸಿರಿ ಎಂದೆ. ಚಾಚಿ ಕೈ ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ.

"ನನ್ನ ಯಾಕ ಕೇಳತಿ? ನಾಕ ವರ್ಸ ದಿನಾ ಮುಂಜಾನೆ ಅವರ ಬಾಜೂಕ ನಿಂತಿದ್ದಿ."

ಆಮೇಲೆ ಎದ್ದು ಒಳಗೆ ಹೋಗಿ ಚಹಾ ಮಾಡಿ ತಂದರು. ಕುಡಿದೆ.

ಮರುದಿನ ಸಂಘದಲ್ಲಿ ಎಲ್ಲರ ಮುಂದೆ ಹೇಳಿದೆ. ಆಯಿ, ಗೊನೆ ನನ್ನ ಮನೆಯದು ಎಂದು ಎದ್ದು ಹೋದಳು. ಮಾವನವರಿಗೆ ಹೇಳಿದೆ. ಅವರು ಎರಡು ದಿನ ಪಾಲಿಹೌಸಿನ ಕಡೆ ಬರಲಿಲ್ಲ. ಸವದತ್ತಿಗೆ ಹೋದೆ, ಮನೋಳಿಗೆ ಹೋದೆ. ಡೇರಿಯ ಮ್ಯಾನೇಜರು ಕೇಳಿ, ಮೊದಲೇ ತಿಳಿದಿದ್ದರೆ ಅವರನ್ನೇ ತಿರುಗಿ ಕರೆಯುತ್ತಿದ್ದೆವಲ್ಲ ಎಂದರು. ಹೌದು ಎಂದೆ. ಮುಖ ಕೊಟ್ಟು ಹೇಳಲಾಗದವರು ಇನ್ನೂ ಎಷ್ಟೋ ಜನ ಉಳಿದಿದ್ದಾರೆ, ಬಸ್ಸಿನಲ್ಲಿ, ಚಹದಂಗಡಿಯಲ್ಲಿ ಆ ಮಾತು ಕೇಳಿ ಮುಂದೆ ದಾಟಿಸಿದವರು. ಅವರಿಗಾಗಿ ಇಲ್ಲಿ ಬರೆದಿಡುತ್ತೇನೆ. ಮಿಸ್ತ್ರಿಯವರ ಕಣ್ಣು ಕೊನೆಯ ದಿನದವರೆಗೂ ಚೆನ್ನಾಗಿದ್ದವು. ಕಾಟಾ ಎರಡರ ಮೇಲೇ ಇತ್ತು. ಬಾಳೆಗೊನೆ ಒಳಗೆ ಇಟ್ಟವಳು ನಾನು.